ಹಳೆಯ ಒಡಂಬಡಿಕೆಯ ದೇವರು ಬೇರೆ, ಹೊಸ ಒಡಂಬಡಿಕೆಯ ದೇವರು ಬೇರೆಯೇ?

ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯಲ್ಲಿ ಕೋಪಿಸಿಕೊಂಡು ದಂಡಿಸುವ ದೇವರು ಎರಡನೆಯ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಪ್ರೀತಿಸ್ವರೂಪಿಯಾದದ್ದು ಹೇಗೆ ಎಂಬ ಈ ಪ್ರಶ್ನೆ ಬಹಳ ಹಳೆಯದು. ಇವರು ಇಬ್ಬರು ಬೇರೆ ಬೇರೆ ದೇವರುಗಳೆಂದೇ ಎರಡನೆಯ ಶತಮಾನದಲ್ಲಿ ಮಾರ್ಸಿಯನ್ ಎಂಬಾತ ವಾದಿಸಿದ್ದನು. ಕ್ರೈಸ್ತ ಸಭೆ ಅದನ್ನು ತಳ್ಳಿಹಾಕಿತು.

ಅದಕ್ಕೆ ಆಧಾರ ಹಳೆಯ ಒಡಂಬಡಿಕೆಯಲ್ಲಿಯೇ ಇದೆ. ವಿಮೋಚನಕಾಂಡದ 34ನೆಯ ಅಧ್ಯಾಯದಲ್ಲಿ ದೇವರು ಮೋಶೆಗೆ ತನ್ನ ಗುಣವನ್ನು ತಾನೇ ತಿಳಿಸುವಾಗ ಕನಿಕರ, ದಯೆ, ದೀರ್ಘಶಾಂತಿಗಳು ಮೊದಲು ಬರುತ್ತವೆ. ಅಪರಾಧವನ್ನು ಶಿಕ್ಷಿಸದೆ ಬಿಡುವುದಿಲ್ಲವೆಂಬ ಮಾತು ಅನಂತರದ್ದು. ಪ್ರವಾದಿ ಯೋನನ ಸಿಟ್ಟಿಗೆ ಕಾರಣವೂ ಈ ದಯೆಯೇ. ಶತ್ರುಗಳ ಪಟ್ಟಣವಾದ ನಿನೆವೆ ಪಶ್ಚಾತ್ತಾಪಪಟ್ಟು ಉಳಿದುಕೊಂಡಾಗ ಅವನು ಮುನಿಸಿಕೊಳ್ಳುತ್ತಾನೆ. ತನಗೆ ನೆರಳು ಕೊಟ್ಟ ಗಿಡ ಹುಳು ಕಡಿದು ಒಣಗಿದ್ದಕ್ಕೆ ಮರುಗುತ್ತಾನೆ. ಆಗ ದೇವರು, ಎಡಬಲ ತಿಳಿಯದ 1,20,000ಕ್ಕೂ ಹೆಚ್ಚು ಜನರಿರುವ, ಬಹಳ ದನಕರುಗಳೂ ಇರುವ ಆ ಊರಿಗಾಗಿ ತಾನು ಮರುಗಬಾರದೇ ಎಂದು ಕೇಳುತ್ತಾನೆ. ಇಡೀ ಬೈಬಲಿನಲ್ಲಿ ದೇವರ ಸ್ವಭಾವವನ್ನು ಇಷ್ಟು ಹತ್ತಿರದಿಂದ, ತುಸು ಹಾಸ್ಯದೊಡನೆ, ತೋರಿಸುವ ಭಾಗಗಳು ವಿರಳವೆಂದು ನನಗನಿಸುತ್ತದೆ.

ಇತ್ತ ಹೊಸ ಒಡಂಬಡಿಕೆಯಲ್ಲಿ, ಹಸಿದವರಿಗೆ ಅನ್ನ ಕೊಡದವರ ಬಗ್ಗೆ ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಯೇಸು ನುಡಿಯುವ ತೀರ್ಪು ಕಠೋರವಾಗಿಯೇ ಇದೆ.

ನ್ಯಾಯ ಮತ್ತು ಕರುಣೆ ಶಿಲುಬೆಯಲ್ಲಿ ಕೂಡುತ್ತವೆ ಎಂಬುದು ಕ್ರೈಸ್ತರ ನಂಬಿಕೆ. ಆದರೆ ನಿರಪರಾಧಿಯಾದ ಮೂರನೆಯವನೊಬ್ಬನನ್ನು ದೇವರು ದಂಡಿಸಿದನೆಂದು ಇದನ್ನು ಅರ್ಥೈಸಬಾರದು. ಪುತ್ರನಾದ ಯೇಸು ತಂದೆಯಾದ ದೇವರೊಡನೆ ಏಕಸತ್ತ್ವವುಳ್ಳವನು, ಅಂದರೆ ಇಬ್ಬರದೂ ಒಂದೇ ದೈವಸ್ವರೂಪ, ಎಂದು ಕ್ರಿ.ಶ. 325ರಲ್ಲಿ ಸೇರಿದ ಕ್ರೈಸ್ತ ಬಿಷಪರ ನೈಸಿಯಾ ಮಹಾಸಭೆ ಘೋಷಿಸಿದ್ದರಿಂದ, ಅಲ್ಲಿ ನೋವುಂಡವನು ಮನುಷ್ಯನಾಗಿ ಬಂದ ದೇವರೇ ಆಗುತ್ತಾನೆ.