ಕಡಲ ತೀರದಲ್ಲಿ ಪಫ್ ಪ್ಯಾನೆಲ್ ಛಾವಣಿಗೆ ಸ್ಕ್ರೂ ಎಲ್ಲಿ ಹಾಕಬೇಕು?

ಮಲ್ಪೆಯ ಮೀನಿನ ಗೋದಾಮಿಗೆ ಪಫ್ ಪ್ಯಾನೆಲ್ (ಎರಡು ತಗಡುಗಳ ನಡುವೆ ನೊರೆ ತುಂಬಿದ ಹಲಗೆ) ಹೊದಿಸುವಾಗ ಸ್ಕ್ರೂವನ್ನು ಮೇಲಿನ ತಗಡಿನ ಉಬ್ಬಿನ ಮೇಲೆ ಹಾಕಬೇಕೇ, ಉಬ್ಬುಗಳ ನಡುವಿನ ತಗ್ಗಿನಲ್ಲಿ ಹಾಕಬೇಕೇ ಎಂದು ಕೇಳಿದ್ದೀರಿ. ಛಾವಣಿಗಾದರೆ ಉಬ್ಬಿನ ಮೇಲೆಯೇ. ತಗ್ಗಿನಲ್ಲಿ ನೀರು ಹರಿಯುವುದರಿಂದ ನಮ್ಮ ಆಟಿ ತಿಂಗಳ ಮಳೆಗೆ ಅಲ್ಲಿನ ವಾಷರು ಬಹುಕಾಲ ತಡೆಯದು.

ಇದಕ್ಕಿಂತ ಮುಖ್ಯವಾದದ್ದು ಎಷ್ಟು ಬಿಗಿಯಬೇಕು ಎಂಬುದು. ಈ ಪ್ಯಾನೆಲ್ ತಯಾರಿಸುವಾಗ ಸುಮಾರು ಅರ್ಧ ಮಿ.ಮೀ. ದಪ್ಪದ ಎರಡು ಉಕ್ಕಿನ ತಗಡುಗಳ ನಡುವೆ ಸುರಿದ ಪಾಲಿಯುರೆಥೇನ್ ದ್ರವ ನೊರೆಯಾಗಿ ಅರಳಿ, ಗಟ್ಟಿಯಾಗುತ್ತ ತಾನೇ ತಗಡುಗಳಿಗೆ ಅಂಟಿಕೊಳ್ಳುತ್ತದೆ. ಪ್ಯಾನೆಲ್ ಬಾಗುವಾಗ ಎಳೆತ ಮತ್ತು ಒತ್ತಡವನ್ನು ತಗಡುಗಳು ಹೊರುತ್ತವೆ, ಅವು ಒಂದರ ಮೇಲೊಂದು ಜಾರದಂತೆ ಹಿಡಿಯುವ ಕೆಲಸ ನೊರೆಯದು. ಅಂಟು ಬಿಟ್ಟರೆ ಉಳಿಯುವುದು ಎರಡು ಬಡಕಲು ತಗಡು ಮಾತ್ರ. ಆದ್ದರಿಂದ ಸ್ಕ್ರೂವನ್ನು ಅತಿಯಾಗಿ ಬಿಗಿದರೆ ನೊರೆ ಜಜ್ಜಿಹೋಗಿ, ತಗಡು ಬಟ್ಟಲಿನಂತೆ ಕುಳಿಬಿದ್ದು, ಅಲ್ಲೇ ನೀರು ನಿಲ್ಲುತ್ತದೆ. ರಬ್ಬರ್ ವಾಷರು ಅಂಚಿನಿಂದ ತುಸುವೇ ಹೊರಚಾಚಿದಾಗ ಡ್ರಿಲ್ ನಿಲ್ಲಿಸಬೇಕು.

ಗಾಳಿಯ ಮೇಲೆಳೆತ ಛಾವಣಿಯ ಅಂಚು, ಮೂಲೆಗಳಲ್ಲಿ ಹೆಚ್ಚಾದ್ದರಿಂದ ಅಲ್ಲಿ ಸ್ಕ್ರೂಗಳು ಒತ್ತೊತ್ತಾಗಿರಲಿ. ಉಪ್ಪುಗಾಳಿಗೆ ಸ್ಟೇನ್‌ಲೆಸ್ ಸ್ಟೀಲಿನವೇ ಲೇಸು, ಕಂಟ್ರಾಕ್ಟರು ದುಬಾರಿಯೆಂದು ಗೊಣಗಿದರೂ. ಕೊರೆದಾಗ ಉದುರಿದ ಉಕ್ಕಿನ ಚೂರುಗಳನ್ನು ಅಂದೇ ಸಂಜೆ ಗುಡಿಸಿಸಿ; ಬಿಟ್ಟರೆ ಬಣ್ಣದ ಮೇಲೆ ತುಕ್ಕಿನ ಚುಕ್ಕೆ ಮೂಡುತ್ತದೆ.