ಪಣಂಬೂರಿನಿಂದ ನಾಗಮಂಗಲಕ್ಕೆ ಪೇವರ್ ಯಂತ್ರ

ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಇಳಿಯಲಿರುವ 3 ಮೀಟರ್ ಅಗಲದ ಡಾಂಬರು ಪೇವರ್ ಯಂತ್ರವನ್ನು (ರಸ್ತೆಗೆ ಡಾಂಬರು ಹಾಸುವ ಯಂತ್ರ) ಮಡಿಕೇರಿ ಮಾರ್ಗವಾಗಿ ನಾಗಮಂಗಲದ ಕಾಮಗಾರಿಗೆ ತರಬಹುದೇ ಎಂದು ಕೇಳಿದ್ದೀರಿ. ಆ ಮಾರ್ಗದ ಸಂಪಾಜೆ ಘಾಟಿಯ ತಿರುವುಗಳಲ್ಲಿ ಉದ್ದನೆಯ ಲೋ-ಬೆಡ್ (ತಗ್ಗು ಹಾಸಿನ) ಟ್ರೇಲರ್ ತಿರುಗಿಸುವುದು ಪ್ರಯಾಸದ ಕೆಲಸವಾದ್ದರಿಂದ ಶಿರಾಡಿ, ಹಾಸನ, ಚನ್ನರಾಯಪಟ್ಟಣದ ದಾರಿಯೇ ಮೇಲು. ಮಳೆಗಾಲದಲ್ಲಿ ಮಾತ್ರ ಅಲ್ಲಿಯೂ ಗುಡ್ಡ ಕುಸಿದು ಭಾರಿ ವಾಹನಗಳನ್ನು ತಡೆಯುವುದುಂಟು.

ಕೇಂದ್ರ ಮೋಟಾರು ವಾಹನ ನಿಯಮಗಳ 93ನೆಯ ನಿಯಮದಂತೆ ಅಗಲದ ಮಿತಿ 2.6 ಮೀಟರ್ ಆಗಿರುವುದರಿಂದ ನಿಮಗೆ ವಿಶೇಷ ಅನುಮತಿ ಬೇಕೇ ಬೇಕು. ಹಡಗು ಬರುವ ಮೊದಲೇ ಅದನ್ನು ಪಡೆಯದಿದ್ದರೆ ಬಂದರಿನ ದಾಸ್ತಾನು ಶುಲ್ಕ ದಿನದಿಂದ ದಿನಕ್ಕೆ ಏರುತ್ತದೆ.

ಹಲವರು ಎಡವುವುದು ಇ-ವೇ ಬಿಲ್ಲಿನಲ್ಲಿ, ಅಂದರೆ ಸರಕು ಸಾಗಿಸಲು ಜಿಎಸ್‌ಟಿಯಡಿ ಪಡೆಯುವ ಆನ್‌ಲೈನ್ ಪತ್ರದಲ್ಲಿ. ಸಾಮಾನ್ಯ ಸರಕಿಗೆ 200 ಕಿ.ಮೀ.ಗೆ ಒಂದು ದಿನದ ಅವಧಿಯಾದರೆ, ಮಿತಿ ಮೀರಿದ ಗಾತ್ರದ ಸರಕಿಗೆ 20 ಕಿ.ಮೀ.ಗೆ ಒಂದು ದಿನ ಸಿಗುತ್ತದೆ. ದೂರ 250 ಕಿ.ಮೀ. ಎಂದು ಹಿಡಿದರೆ ಮೊದಲನೆಯದರಲ್ಲಿ 2 ದಿನ, ಎರಡನೆಯದರಲ್ಲಿ 13 ದಿನ. ಈ ಬಿಲ್ಲಿನ ಅರ್ಜಿಯಲ್ಲಿ ವಾಹನದ ಬಗೆಯನ್ನು (ಸಾಮಾನ್ಯವೋ, ಮಿತಿ ಮೀರಿದ ಗಾತ್ರದ್ದೋ ಎಂಬುದನ್ನು) ತಪ್ಪಾಗಿ ಗುರುತಿಸಿದ್ದರಿಂದ ನಮ್ಮ ರೋಲರ್ ಒಮ್ಮೆ ಸಕಲೇಶಪುರದ ಬಳಿ ರಸ್ತೆಬದಿಯಲ್ಲೇ ನಿಂತಿತ್ತು, ತಪ್ಪು ನಮ್ಮದೇ.

ಹೇರಿದ ಯಂತ್ರದ ಒಟ್ಟು ಎತ್ತರವನ್ನು ಕ್ಯಾಟಲಾಗ್ ನೋಡಿ ನಿರ್ಧರಿಸಬೇಡಿ. ಟ್ರೇಲರಿನ ಮೇಲೆ ಯಂತ್ರ ಏರಿಸಿ, ಸರಪಳಿ ಬಿಗಿದ ಮೇಲೆ, ನೆಲದಿಂದ ಅಳತೆಕೋಲು ಹಿಡಿದು ಅಳೆಯಿರಿ. ಹಳ್ಳಿಗಳಲ್ಲಿ ಜೋತುಬಿದ್ದ ವಿದ್ಯುತ್ ತಂತಿಯನ್ನು ಕ್ಲೀನರ್ ಹುಡುಗ ಬಿದಿರು ಗಳದಿಂದ ಎತ್ತಿ ಹಿಡಿಯುವ ರೂಢಿಯಿದೆ; ದಯವಿಟ್ಟು ಅದಕ್ಕೆ ಒಪ್ಪದೆ, ಚಾಮುಂಡೇಶ್ವರಿ ವಿದ್ಯುತ್ ನಿಗಮದ ಸ್ಥಳೀಯ ಶಾಖೆಗೆ ಮುಂಚಿತವಾಗಿ ತಿಳಿಸಿ ಲೈನ್‌ಮನ್ ಕರೆಸಿಕೊಳ್ಳಿ.