ತೋಟಕ್ಕೆ ನಕ್ಷೆಯಲ್ಲಿ ಬೇರೆ ಬಣ್ಣ ಬಂದರೆ?

ಪ್ರಶ್ನೆ: ದೇವನಹಳ್ಳಿ ಏರ್‌ಪೋರ್ಟ್ ಹತ್ತಿರ ನಮ್ಮ ದ್ರಾಕ್ಷಿ ತೋಟ ಇದೆ. ಹೊಸ ಮಾಸ್ಟರ್ ಪ್ಲಾನ್‌ನಲ್ಲಿ ಅದನ್ನು ಕೈಗಾರಿಕೆ ಜಾಗ ಅಂತ ತೋರಿಸಿದರೆ ಏನು ಗತಿ? ನಮ್ಮನ್ನು ಯಾರೂ ಕೇಳುವುದೇ ಇಲ್ವಾ?
– ಒಬ್ಬ ರೈತ, ದೇವನಹಳ್ಳಿ ತಾಲ್ಲೂಕು

ಉತ್ತರ: ಕೇಳಲೇಬೇಕು, ಕಾನೂನೇ ಹಾಗಿದೆ. ಆದರೆ ಮನೆ ಬಾಗಿಲಿಗೆ ಬಂದು ಕೇಳುವುದಿಲ್ಲ. ನಿಮ್ಮ ಕಡೆ ಪ್ಲಾನ್ ಮಾಡುವುದು ಬಯಪ, ಅಂದರೆ ವಿಮಾನ ನಿಲ್ದಾಣ ಪ್ರದೇಶದ ಯೋಜನಾ ಪ್ರಾಧಿಕಾರ. 1961ರ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆ ಪ್ರಕಾರ ಕರಡು ಪ್ರಕಟವಾದ ಮೇಲೆ ಆಕ್ಷೇಪಣೆಗೆ 60 ದಿನ ಸಿಗುತ್ತದೆ. ಆಗ ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರ್ ಹುಡುಕಿ, ಪಕ್ಕದ ಕೆರೆ, ರಾಜಕಾಲುವೆ, ಬಂಡಿದಾರಿ ಎಲ್ಲ ಸರಿಯಾಗಿ ಬಂದಿದೆಯಾ ನೋಡಿ, ಪಹಣಿ ಲಗತ್ತಿಸಿ ಅರ್ಜಿ ಕೊಡಿ. ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಳ್ಳುವುದು ಮರೀಬೇಡಿ. ಸುಮ್ನೆ ‘ವಿರೋಧವಿದೆ’ ಅಂತ ಒಂದು ಸಾಲು ಬರೆದರೆ ಅದಕ್ಕೆ ತೂಕ ಇರಲ್ಲ.

ಇನ್ನೊಂದು, ನಕ್ಷೆಯಲ್ಲಿ ಬಣ್ಣ, ಅಂದರೆ ಜಮೀನಿನ ಬಳಕೆ ತೋರಿಸುವ ಗುರುತು, ಬದಲಾಗುವುದು ಬೇರೆ, ಭೂಸ್ವಾಧೀನ ಬೇರೆ. ಬಣ್ಣ ಬದಲಾದ ಮಾತ್ರಕ್ಕೆ ಜಮೀನು ಕೈಬಿಟ್ಟು ಹೋಗುವುದಿಲ್ಲ. ಕೆಐಎಡಿಬಿ, ಅಂದರೆ ಕೈಗಾರಿಕೆಗೆ ಜಮೀನು ಸ್ವಾಧೀನ ಮಾಡಿಸುವ ಸರ್ಕಾರಿ ಮಂಡಳಿಯ ನೋಟಿಸ್ ಬಂದರೆ ಮಾತ್ರ ಅದು ಬೇರೆಯೇ ಹೋರಾಟ. ನಿಮ್ಮ ತಾಲ್ಲೂಕಿನದೇ ಚನ್ನರಾಯಪಟ್ಟಣ ಹೋಬಳಿ ನೋಡಿ, 13 ಹಳ್ಳಿಗಳ 1,777 ಎಕರೆ ಉಳಿಸಿಕೊಳ್ಳಲು ರೈತರು ಮೂರು ವರ್ಷಕ್ಕೂ ಜಾಸ್ತಿ ಧರಣಿ ಕೂತರು, ಆಮೇಲೆ 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನ ಕೈಬಿಡುವುದಾಗಿ ಹೇಳಿತು. ಅಷ್ಟು ವರ್ಷ ಬೇಕಾಯ್ತು ಅನ್ನೋದೇ ಬೇಸರದ ಸಂಗತಿ, ಅಲ್ವಾ?